ಸೈಕಲ್ ಅಂಗಡಿಯಲ್ಲಿ ಹುಟ್ಟಿದ ಪ್ರೊಪೆಲರ್



ತಮ್ಮ ಮನೆಯ ಶೆಡ್ಡಿನಲ್ಲಿಯೇ ಲಘುವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಪಾಶ್ಚಾತ್ಯ ದೇಶಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಎಂಜಿನ್ ಸಿದ್ಧವಾದ ಮೇಲೆ ಅವರನ್ನು ಕಾಡುವ ಪ್ರಶ್ನೆಯೆಂದರೆ, ಇದಕ್ಕೆ ಎಂತಹ ಪ್ರೊಪೆಲರ್ ಹೊಂದುತ್ತದೆ ಎಂಬುದು. ಇಂದು ಅವರಿಗೆ ಕೋಷ್ಟಕಗಳಿವೆ, ತಯಾರಕರ ಸಲಹೆಯಿದೆ. 1902-03ರ ಚಳಿಗಾಲದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದ ಅಮೆರಿಕದ ಡೇಟನ್ ನಗರದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರಿಗೆ ಅಂತಹ ಆಸರೆ ಇರಲಿಲ್ಲ. ನಮ್ಮ ಪಠ್ಯಪುಸ್ತಕಗಳು 12 ಸೆಕೆಂಡುಗಳ ಆ ಹಾರಾಟವನ್ನು ಹೇಳಿ ಮುಂದೆ ಸಾಗುತ್ತವೆ. ಆದರೆ ಅವರ ಬುದ್ಧಿಶಕ್ತಿಗೆ ನಿಜವಾದ ಪರೀಕ್ಷೆ ಒಡ್ಡಿದ್ದು ಪ್ರೊಪೆಲರೇ ಎಂಬುದು ನನ್ನ ಅಭಿಪ್ರಾಯ.

ಹಡಗುಗಳ ಪ್ರೊಪೆಲರಿಗೆ ಸಿದ್ಧವಾದ ಸೂತ್ರವಿರಬಹುದೆಂದು ಅವರು ಭಾವಿಸಿದ್ದರು. ಹುಡುಕಿದಾಗ ತಿಳಿದದ್ದು, ನೌಕಾ ಎಂಜಿನಿಯರುಗಳೂ ಮಾಡಿ ನೋಡಿ, ತಿದ್ದಿ ಮುನ್ನಡೆಯುತ್ತಿದ್ದರು ಎಂಬುದು. ಹಡಗಿಗೆ ಅದು ಸಾಕು. ಶಕ್ತಿ ಪೋಲಾದರೆ ಇನ್ನಷ್ಟು ಕಲ್ಲಿದ್ದಲು ಸುಟ್ಟರಾಯಿತು. ಇವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಕಟ್ಟಿಕೊಟ್ಟ ಎಂಜಿನ್ ಕೊಡುತ್ತಿದ್ದುದಾದರೋ ಕೇವಲ 12 ಅಶ್ವಶಕ್ತಿ. ಅದರಲ್ಲಿ ಅರ್ಧ ವ್ಯರ್ಥವಾದರೂ ವಿಮಾನ ನೆಲ ಬಿಡುವುದು ಕಷ್ಟವಿತ್ತು.

ಆಗ ಅವರಿಗೆ ಹೊಳೆದ ವಿಚಾರ ಸರಳವಾದರೂ ಮಹತ್ತ್ವದ್ದು: ಪ್ರೊಪೆಲರ್ ಎಂದರೆ ಗಾಳಿಯನ್ನು ಕೊರೆಯುವ ತಿರುಪುಮೊಳೆಯಲ್ಲ, ಸುತ್ತುತ್ತಿರುವ ರೆಕ್ಕೆ. 1901ರಲ್ಲಿ ಅವರು ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಗಾಳಿಸುರಂಗವಾಗಿಸಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದ್ದರು. ಆ ಅಂಕಿಗಳು ಈಗ ಕೈಹಿಡಿದವು. ಆದರೂ ಲೆಕ್ಕ ಸುಲಭವಾಗಿರಲಿಲ್ಲ. ವಿಮಾನದ ವೇಗ ತಿಳಿಯದೆ ನೂಕುಬಲ ತಿಳಿಯದು. ನೂಕುಬಲ ತಿಳಿಯದೆ ವೇಗ ತಿಳಿಯದು. ಸಾಲದ್ದಕ್ಕೆ, ಅಲಗಿನ ತುದಿ ವೇಗವಾಗಿಯೂ ನಡುಭಾಗ ನಿಧಾನವಾಗಿಯೂ ಸುತ್ತುತ್ತದೆ. ಆದ್ದರಿಂದ ನಡುವಿನಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಓರೆ ಇರುವಂತೆ ಅಲಗನ್ನು ತಿರುಚಬೇಕು. ಅಣ್ಣತಮ್ಮಂದಿರು ಗಂಟೆಗಟ್ಟಲೆ ವಾದಿಸುತ್ತಿದ್ದರಂತೆ. ಕೊನೆಗೆ ನೋಡಿದರೆ ಅಣ್ಣ ತಮ್ಮನ ಪಕ್ಷಕ್ಕೂ ತಮ್ಮ ಅಣ್ಣನ ಪಕ್ಷಕ್ಕೂ ಹೋಗಿ, ಒಮ್ಮತ ಮಾತ್ರ ಇದ್ದಷ್ಟೇ ದೂರ! (ತರಗತಿಯ ಹಿಂದಿನ ಬೆಂಚಿನಲ್ಲಿ ವಾದಿಸುತ್ತಿದ್ದವರು ಇದನ್ನು ಓದಿ ಸಂತೋಷಪಡಬಹುದು.)

ಅಂತಿಮವಾಗಿ ಅವರು ಆರಿಸಿಕೊಂಡದ್ದು ಎಂಟೂವರೆ ಅಡಿ ವ್ಯಾಸದ, ನಿಮಿಷಕ್ಕೆ ಸುಮಾರು 350 ಸುತ್ತು ಮಾತ್ರ ತಿರುಗುವ ಎರಡು ಪ್ರೊಪೆಲರುಗಳನ್ನು. ದೊಡ್ಡದಾಗಿ, ನಿಧಾನವಾಗಿ ಏಕೆ? ಕಪ್ಪುಹಲಗೆಯ ಮೇಲೆ ಬರೆದದ್ದನ್ನು ನೆನಪಿಸಿಕೊಳ್ಳಿ. ಸಂವೇಗವು ವೇಗಕ್ಕೆ ಅನುಪಾತದಲ್ಲಿದ್ದರೆ, ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೆ, ಅಷ್ಟೇ ನೂಕುಬಲ ಕಡಿಮೆ ಶಕ್ತಿಯಲ್ಲಿ ದೊರೆಯುತ್ತದೆ. ಎಂಜಿನ್ನಿನ ವೇಗವನ್ನು ತಗ್ಗಿಸಲು ಬಳಸಿದ್ದು ಸೈಕಲ್ ಮಾದರಿಯ ಸರಪಳಿ ಮತ್ತು ಹಲ್ಲುಚಕ್ರಗಳನ್ನು. ಒಂದು ಸರಪಳಿಯನ್ನು ಎಂಟರ ಆಕಾರದಲ್ಲಿ ಅಡ್ಡ ಹಾಯಿಸಿ, ಎರಡೂ ಪ್ರೊಪೆಲರುಗಳು ವಿರುದ್ಧ ದಿಕ್ಕಿನಲ್ಲಿ ಸುತ್ತುವಂತೆ ಮಾಡಿದರು. ಸ್ಪ್ರೂಸ್ ಮರದ ಮೂರು ಹಲಗೆಗಳನ್ನು ಅಂಟಿಸಿ, ಕೈಕೊಡಲಿಯಿಂದಲೂ ಎರಡು ಕೈಗಳಿಂದ ಎಳೆದು ಕೆತ್ತುವ ಕತ್ತಿಯಿಂದಲೂ ರೂಪ ಕೊಟ್ಟರು.

ಕಿಟಿ ಹಾಕಿನ ಕಡಲತೀರದಲ್ಲಿ ಕಟ್ಟಿ ಮುಗಿಸಿದ ವಿಮಾನ ಅಂದಾಜಿಗಿಂತ ಹೆಚ್ಚು ಭಾರವಾಗಿತ್ತು. ಚಾಲಕನೂ ಸೇರಿ ಸುಮಾರು 340 ಕಿಲೋ! ಆತಂಕದಿಂದಲೇ ನೂಕುಬಲವನ್ನು ಅಳೆದರೆ 60 ಕಿಲೋ ತೂಕದಷ್ಟು, ನಿರೀಕ್ಷೆಗಿಂತ ಬಹಳ ಹೆಚ್ಚು, ದೊರೆಯಿತು. ಪ್ರೊಪೆಲರಿನ ಟೊಳ್ಳು ದಂಡಗಳು ಮಾತ್ರ ತಾಳಲಿಲ್ಲ. ಆರ್ವಿಲ್ ಡೇಟನ್ನಿಗೆ ಹಿಂದಿರುಗಿ, ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಸಿಕೊಂಡು ಡಿಸೆಂಬರ್ 11ರಂದು ಮರಳಿ ಬಂದರು. 1903ರ ಡಿಸೆಂಬರ್ 17ರಂದು ನಾಲ್ಕು ಬಾರಿ ಹಾರಿದರು. ಕೊನೆಯದು 59 ಸೆಕೆಂಡು, 852 ಅಡಿ.

ತಮ್ಮ ಪ್ರೊಪೆಲರಿನ ದಕ್ಷತೆ ಶೇಕಡಾ 66 ಎಂದು ಅವರು ಲೆಕ್ಕ ಹಾಕಿದ್ದರು. ಸುಮಾರು ನೂರು ವರ್ಷಗಳ ಬಳಿಕ ಅವುಗಳ ಪ್ರತಿಕೃತಿಗಳನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ ಶೇಕಡಾ 70ನ್ನೂ ಮೀರಿತು. ಇಂದಿನ ಉತ್ತಮ ಮರದ ಪ್ರೊಪೆಲರುಗಳ ದಕ್ಷತೆ ಶೇಕಡಾ 80ರ ಆಸುಪಾಸಿನಲ್ಲಿದೆ.

ಆ ಮೂಲ ವಿಮಾನದ ಎಡ ಪ್ರೊಪೆಲರಿನ ಮರದ ಚೂರೊಂದು 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಅವರೊಡನೆ ಚಂದ್ರನವರೆಗೂ ಹೋಗಿ ಬಂದಿದೆ.