ಸುರಪುರದ ಜಾತಕವೂ ಟೇಲರನ ಲೇಖನಿಯೂ

ಅರಸುಮನೆತನಗಳು ಅಳಿದ ಬಳಿಕ ಜನರ ಬಾಯಲ್ಲಿ ಉಳಿಯುವುದು ಬಹುಮಟ್ಟಿಗೆ ಶಾಪದ ಕಥೆಯೇ ಸರಿ. ಬೀದರ, ಭಾಲ್ಕಿ, ಔರಾದಗಳಿಂದ ಡಾಬಕಾದವರೆಗೆ ಈ ಸೀಮೆಯ ಹಿರಿಯರಲ್ಲಿ ಅಷ್ಟೂರಿನ ಒಡೆದ ಗುಂಬಜದ ಸಂಗತಿಯನ್ನು ಕೇಳದವರು ವಿರಳ. 1458ರಿಂದ 1461ರವರೆಗೆ ಆಳಿದ ಬಹಮನಿ ಸುಲ್ತಾನ ಹುಮಾಯೂನ್ ಶಹನು ಪ್ರಜಾಹಿಂಸಕನಾಗಿದ್ದನೆಂದೂ, ಆ ಪಾಪದ ಫಲವಾಗಿಯೇ ಸಿಡಿಲೆರಗಿ ಆತನ ಗೋರಿಯ ಗುಂಬಜವು ಸೀಳಿತೆಂದೂ ಹೇಳುವುದು ವಾಡಿಕೆ. ಇತಿಹಾಸಕಾರ ಫೆರಿಸ್ತನು ಆತನನ್ನು ಕ್ರೂರಿಯೆಂದೇ ಬಣ್ಣಿಸಿದನು. ಆದರೆ ಹಾರೂನ್ ಖಾನ್ ಶೇರ್ವಾನಿಯವರು 1953ರಲ್ಲಿ ಪ್ರಕಟವಾದ ತಮ್ಮ ಬಹಮನಿ ಚರಿತ್ರೆಯಲ್ಲಿ ಈ ಅಪಕೀರ್ತಿಯನ್ನು ಪುನಃ ತೂಗಿ ನೋಡಿ, ಅದರಲ್ಲಿ ಅತಿಶಯೋಕ್ತಿಯ ಪಾಲು ದೊಡ್ಡದೆಂದು ವಾದಿಸಿದರು. ಗುಂಬಜವು ಒಡೆದಿರುವುದು ಪ್ರತ್ಯಕ್ಷ. ಅದು ಒಡೆದುದಕ್ಕೆ ಜನರು ಹೇಳುವ ಕಾರಣವು ಮಾತ್ರ ಪರೀಕ್ಷೆಗೆ ಅರ್ಹವಾದುದು.

ಇಂತಹ ಕಥೆಗಳು ನಮ್ಮ ದೇಶಕ್ಕೇ ಮೀಸಲಾದವಲ್ಲ. ಇಂಗ್ಲೆಂಡಿನಲ್ಲಿ ಹೊರೆಸ್ ವಾಲ್ಪೋಲನು 1764ರಲ್ಲಿ ಹೊರತಂದ ‘ಓಟ್ರಾಂಟೋ ಕೋಟೆ’ಯಲ್ಲಿ ಒಂದು ದೊರೆಮನೆಯ ನಾಶವು ಭವಿಷ್ಯವಾಣಿಯಿಂದಲೇ ಗೊತ್ತಾಗಿರುತ್ತದೆ. ಅಮೆರಿಕೆಯ ಹಾಥಾರ್ನನು 1851ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ಏಳು ಮೊಗಸಾಲೆಯ ಒಂದು ಹಳೆಯ ಮನೆಯ ಒಡೆಯರನ್ನು ನೇಣುಗಂಬದ ಮೇಲಿನಿಂದ ಬಂದ ಶಾಪವು ತಲೆತಲಾಂತರಕ್ಕೆ ಹಿಂಬಾಲಿಸುತ್ತದೆ. ಈ ಗ್ರಂಥಗಳನ್ನು ಸಾವಧಾನವಾಗಿ ನೋಡಿದರೆ ಒಂದು ಅಂಶವು ಸ್ಪಷ್ಟವಾಗುವುದು: ಶಾಪದ ಬುಡದಲ್ಲಿ ಯಾರಿಂದಲೋ ಅನ್ಯಾಯವಾಗಿ ಕಿತ್ತುಕೊಂಡ ಭೂಮಿಯೋ ಸ್ವತ್ತೋ ಇರುತ್ತದೆ. ಕರ್ಣಾಟಕದ ತಲಕಾಡಿನ ಕಥೆಯೂ ಇದೇ ಜಾತಿಯದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನು ಒಡವೆಗಾಗಿ ಬೆನ್ನಟ್ಟಿ ಬಂದವರನ್ನು ಶಪಿಸಿ ಕಾವೇರಿಯಲ್ಲಿ ಬಿದ್ದಳೆಂಬುದು ಅದರ ಸಾರ. ಮರಳು ಗಾಳಿಯಿಂದ ಬಂದಿತೋ ಶಾಪದಿಂದ ಬಂದಿತೋ ಎಂಬ ಚರ್ಚೆ ಹಾಗಿರಲಿ. ಒಬ್ಬ ವಿಧವೆಗೆ ಅನ್ಯಾಯವಾಯಿತೆಂಬ ಸ್ಮೃತಿಯನ್ನು ಆ ಕಥೆಯು ನಾಲ್ಕುನೂರು ವರ್ಷ ಕಾಪಾಡಿತು. ಶಾಪವೆಂಬುದು ಸೋತವರ ಮಾತು. ನ್ಯಾಯಾಸ್ಥಾನವು ಕೇಳದ ಮೊರೆಯು ಶಾಪವಾಗಿ ಜನಪದದಲ್ಲಿ ನಿಲ್ಲುವುದುಂಟು.

ಆದರೆ ನಮ್ಮ ನಾಡಿನಲ್ಲಿಯೇ, ಹಿಂದೆ ಬೀದರದಂತೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದಲ್ಲಿ, ಇದಕ್ಕೆ ವಿಪರೀತವಾದ ಒಂದು ಉದಾಹರಣೆಯುಂಟು. ಅಲ್ಲಿ ಮನೆತನದ ಕೇಡನ್ನು ಮುಂದಾಗಿ ನುಡಿದ ಕಥೆಯು ಲೋಕಕ್ಕೆ ಬಂದುದು ಸೋತವರ ಬಾಯಿಂದಲ್ಲ, ಆ ಸಂಸ್ಥಾನವನ್ನು ಹನ್ನೊಂದು ವರ್ಷ ನಡೆಯಿಸಿದ ಇಂಗ್ಲೀಷ್ ಅಧಿಕಾರಿಯ ಲೇಖನಿಯಿಂದ. ಆತನು ಐತಿಹಾಸಿಕ ಕಾದಂಬರಿಕಾರನೂ ಆಗಿದ್ದನೆಂಬುದು ಇಲ್ಲಿ ವಿಶೇಷ.

ಫಿಲಿಪ್ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಹಿಂದೂಸ್ಥಾನಕ್ಕೆ ಬಂದು, ನಿಜಾಮನ ಸೈನ್ಯದಲ್ಲಿ ಸೇರಿದನು. 1839ರಲ್ಲಿ ಠಕ್ಕರ ವೃತ್ತಾಂತವನ್ನು ಕುರಿತ ಕಾದಂಬರಿಯಿಂದ ಪ್ರಸಿದ್ಧನಾದನು. ಮುಂದೆ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಎಂಬ ಮೂರು ಕಾದಂಬರಿಗಳನ್ನು 1657, 1757, 1857 ಎಂಬ ಶತಮಾನಾಂತರದ ಮೂರು ವರ್ಷಗಳ ಸುತ್ತ ಹೆಣೆದನು. ಇವುಗಳಲ್ಲಿ ಮೊದಲನೆಯದಾದ 1657 ಔರಂಗಜೇಬನು ಬೀದರದ ಕೋಟೆಯನ್ನು ಹಿಡಿದ ವರ್ಷವೆಂಬುದನ್ನು ವಾಚಕರು ಬಲ್ಲರು. ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ನಲ್ಲಿ ಕೃಷ್ಣಾತೀರದ ಬೇಡ ನಾಯಕರೂ ಬರುತ್ತಾರೆ. ಈ ನಾಯಕರನ್ನು ಆತನು ಬಲ್ಲುದು ಪುಸ್ತಕಗಳಿಂದಲ್ಲ. 1842ರ ಸುಮಾರಿನಿಂದ 1853ರವರೆಗೆ ಆತನು ಸುರಪುರದಲ್ಲಿಯೇ ಇದ್ದನು. 1844ರಲ್ಲಿ ಗುಡ್ಡದ ಮೇಲೆ ಆತನು ಕಟ್ಟಿಸಿದ ಬಂಗಲೆಯು ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ.

ಸುರಪುರದ ನಾಯಕರದು ಸಾಮಾನ್ಯ ಮನೆತನವಲ್ಲ. 1705ರಲ್ಲಿ ವೃದ್ಧ ಔರಂಗಜೇಬನು ತಾನೇ ನಡೆಯಿಸಿದ ಕೊನೆಯ ಮುತ್ತಿಗೆಯು ಇವರ ವಾಗಿನಗೇರಿಯ ಮೇಲಾಯಿತು. ಕೋಟೆ ಬಿದ್ದಿತು, ನಾಯಕನು ಕೈಗೆ ಸಿಕ್ಕಲಿಲ್ಲ, ಮನೆತನವು ಮತ್ತೆ ತಲೆಯೆತ್ತಿತು. ಮೊಗಲರ ತೋಪುಗಳಿಗೆ ಮುರಿಯದ ಈ ಮನೆಯನ್ನು ಮುರಿದದ್ದು ಸಾಲ. 1828ರಲ್ಲಿ ಕೃಷ್ಣಪ್ಪ ನಾಯಕನು ಪಟ್ಟಕ್ಕೆ ಬಂದಾಗ ನಿಜಾಮ ಸರಕಾರವು ಭಾರಿ ನಜರಾಣೆಯನ್ನು ಕೇಳಿತು. ಅದನ್ನು ತೀರಿಸುವ ಶಕ್ತಿ ಸಂಸ್ಥಾನಕ್ಕಿರಲಿಲ್ಲ. ಬಾಕಿ ಬೆಳೆಯಿತು, ವಸೂಲಿಯ ನೆಪದಲ್ಲಿ ಕುಂಪಣಿಯ ಅಧಿಕಾರಿಗಳು ಒಳಬಂದರು. ಕೃಷ್ಣಪ್ಪನು ತೀರಿಕೊಂಡಾಗ ಮಗ ವೆಂಕಟಪ್ಪನು ಎಳೆಯ ಬಾಲಕ. ತಾಯಿ ಈಶ್ವರಮ್ಮನಿಗೂ ದಾಯಾದಿ ಪಿಡ್ಡನಾಯಕನಿಗೂ ಆಡಳಿತಕ್ಕಾಗಿ ವಿವಾದ ಹುಟ್ಟಿತು. ಅದನ್ನು ತೀರಿಸಲು ಬಂದವನೇ ಟೇಲರನು.

ಆತನ ಆಡಳಿತವನ್ನು ದೂಷಿಸುವುದು ನ್ಯಾಯವಲ್ಲ. ಬೋನಾಳದ ಕೆರೆಯನ್ನು ಹಿಗ್ಗಿಸಿದನು, ಲೆಕ್ಕಪತ್ರಗಳನ್ನು ಸರಿಪಡಿಸಿದನು, ರಾಜನಕೋಳೂರಿನ ಪ್ರಾಚೀನ ಶಿಲಾಸಮಾಧಿಗಳನ್ನು ಮೊದಲು ಲೋಕಕ್ಕೆ ತಿಳಿಸಿದವನೂ ಆತನೇ. ಬಾಲಕ ವೆಂಕಟಪ್ಪನು ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1853ರಲ್ಲಿ ಇಪ್ಪತ್ತರ ಹೊಸ್ತಿಲಲ್ಲಿದ್ದ ರಾಜನಿಗೆ ಅಧಿಕಾರವನ್ನೊಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು.

ಮುಂದಿನದು ದುಃಖದ ಕಥೆ. ಆಡಳಿತವು ಮತ್ತೆ ಸಾಲದಲ್ಲಿ ಮುಳುಗಿತು. 1857ರ ಸುದ್ದಿಯು ದಕ್ಷಿಣಕ್ಕೆ ಹಬ್ಬಿದಾಗ ಕರ್ಣಾಟಕದ ಅನೇಕ ಕಡೆ ನೆಲ ಕಾದಿತ್ತು. ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿದರು. ನರಗುಂದದಲ್ಲಿ ದತ್ತಕಕ್ಕೆ ಒಪ್ಪಿಗೆ ಸಿಕ್ಕದ ಕೊರಗಿತ್ತು. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನಿಂದ ಬಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ತುಕಡಿಯ ಮೇಲೆ ಸುರಪುರದವರು ರಾತ್ರಿಯಲ್ಲಿ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ಹೊಸ ದಂಡು ಬರುವುದನ್ನು ತಿಳಿದು ರಾಜನು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕಿದನು.

ಸಿಕಂದರಾಬಾದಿನ ಸೆರೆಮನೆಯಲ್ಲಿ ಟೇಲರನು ಆತನನ್ನು ಕಂಡನು. ತನ್ನನ್ನು ಪ್ರೇರಿಸಿದವರು ಯಾರೆಂದು ಹೇಳಿ ಪ್ರಾಣವನ್ನುಳಿಸಿಕೊಳ್ಳಲು ರಾಜನು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿರೆಂದನು. ಮರಣದಂಡನೆಯು ಮೊದಲು ಕರಿನೀರಿನ ಶಿಕ್ಷೆಗೂ, ಬಳಿಕ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಬಂಧನಕ್ಕೂ ಇಳಿಯಿತು. ಆ ಕಡೆಗೆ ಒಯ್ಯುವಾಗ, ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಸತ್ತನು. ಅದು ಆತನ ಕೈಯಿಂದಲೇ ಹಾರಿದ ಗುಂಡೆಂದು ಅಧಿಕಾರಿಗಳು ಹೇಳಿದರು. ಹಾಗೆಂದು ಒಪ್ಪದವರು ಇಂದಿಗೂ ಇರುವರು.

ಈಗ ಜಾತಕದ ಮಾತು. ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಆಸ್ಥಾನದ ಶಾಸ್ತ್ರಿಯು ಜಾತಕದಿಂದ ಕಂಡಿದ್ದನೆಂದೂ, ಆ ಗುಟ್ಟು ರಾಣಿಗೂ ಶಾಸ್ತ್ರಿಗೂ ತನಗೂ ಮಾತ್ರ ತಿಳಿದಿತ್ತೆಂದೂ, ಶಿಕ್ಷೆ ಇಳಿದುದನ್ನು ಕೇಳಿ ಜಾತಕ ಸುಳ್ಳಾಯಿತೆಂದು ತಾನು ನಂಬುತ್ತಿರುವಾಗಲೇ ಸಾವಿನ ವಾರ್ತೆ ಬಂದಿತೆಂದೂ ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿರುವನು. ಓದಿದವರ ಮೈ ಜುಮ್ಮೆನ್ನುವಂತೆ ಬರೆದಿರುವನು. ಆ ಪುಸ್ತಕದ ಸುರಪುರದ ಭಾಗವು ಆತನ ಯಾವ ಕಾದಂಬರಿಗೂ ಕಡಿಮೆಯಾದುದಲ್ಲ.

ಜ್ಯೋತಿಷವನ್ನು ನಂಬುವವರೂ ನಂಬದವರೂ ಇಲ್ಲಿ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಈ ಮಾತು ಯಾವಾಗ ಅಚ್ಚಾಯಿತು? 1877ರಲ್ಲಿ, ರಾಜನು ಸತ್ತು ಹತ್ತೊಂಬತ್ತು ವರ್ಷ, ಟೇಲರನು ಸತ್ತು ಒಂದು ವರ್ಷವಾದ ಮೇಲೆ. ಹೇಳಿದವನಾರು? ಕಥೆಯನ್ನು ಕಟ್ಟುವುದರಲ್ಲಿ ಹಲವು ದಶಕ ಪಳಗಿದವನು. ಸುಳ್ಳುಗಾರನಲ್ಲ, ಆದರೆ ತಾನು ಪ್ರೀತಿಸಿದ ಹುಡುಗನ ಸಾವಿಗೆ ಸಮಾಧಾನವನ್ನು ಅರಸುತ್ತಿದ್ದವನು. ಲಾಭ ಯಾರಿಗಾಯಿತು? 1860ರ ಒಪ್ಪಂದದಲ್ಲಿ ಇಂಗ್ಲೀಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಯಾವ ದರ್ಬಾರಿನ ನಜರಾಣೆಯಿಂದ ಸಾಲ ಮೊದಲಾಯಿತೋ ಆ ದರ್ಬಾರಿಗೇ ಸಂಸ್ಥಾನವು ಸೇರಿತು. ಯಾವ ಸರಕಾರವು ವಸೂಲಿಗಾಗಿ ಒಳಬಂದಿತೋ ಅದೇ ಸರಕಾರವು ಅದನ್ನು ದಾನಮಾಡಿತು. ಈ ವ್ಯವಹಾರದಲ್ಲಿ ಗ್ರಹಗಳ ಸಹಿ ಎಲ್ಲಿಯೂ ಇಲ್ಲ.

ತಲಕಾಡಿನ ಶಾಪಕ್ಕೂ ಸುರಪುರದ ಜಾತಕಕ್ಕೂ ಇರುವ ಭೇದವು ಇದೇ. ಅಲ್ಲಿ ಕಥೆಯು ಅಪರಾಧಿಯನ್ನು ಬೊಟ್ಟುಮಾಡಿ ತೋರಿಸುತ್ತದೆ. ಇಲ್ಲಿ ಎಲ್ಲರನ್ನೂ ಬಿಡುಗಡೆ ಮಾಡುತ್ತದೆ. ಹುಟ್ಟಿದಾಗಲೇ ಸಾವು ನಿಶ್ಚಿತವಾಗಿದ್ದರೆ ಸಾಲ ಹೇರಿದವನೂ ನಿರಪರಾಧಿ, ದಂಡು ಕಳುಹಿಸಿದವನೂ ನಿರಪರಾಧಿ, ಕಾವಲಿನ ಡೇರೆಯಲ್ಲಿ ತುಂಬಿದ ಪಿಸ್ತೂಲನ್ನು ಬಿಟ್ಟವನೂ ನಿರಪರಾಧಿ. ರಾಜನ ಶೌರ್ಯವೂ ಆತನದಾಗಿ ಉಳಿಯುವುದಿಲ್ಲ. ಜೊತೆಗಾರರ ಹೆಸರನ್ನು ಹೇಳದೆ ಸಾವನ್ನಾರಿಸಿಕೊಂಡ ಯುವಕನು ಜಾತಕದ ಗೊಂಬೆಯಾಗಿಬಿಡುವನು. ದೈವವನ್ನು ಒಪ್ಪಿದ ನಮ್ಮ ಶಾಸ್ತ್ರಕಾರರು ಪುರುಷಕಾರವನ್ನು ಎಂದೂ ಅಲ್ಲಗಳೆಯಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದರು.

ಆದುದರಿಂದ ಟೇಲರನ ಪುಸ್ತಕವನ್ನು ಓದಬಾರದೆಂದಲ್ಲ, ಓದಲೇಬೇಕು. ಸೆರೆಯಲ್ಲಿದ್ದ ರಾಜನ ದಿಟ್ಟ ಮಾತುಗಳು ನಮಗೆ ಉಳಿದಿರುವುದು ಬಹುಪಾಲು ಆತನ ದಯೆಯಿಂದಲೇ. ಆದರೆ ಗುಡ್ಡದ ಮೇಲಿನ ಮಂಜಿಲನ್ನು ನೋಡಹೋದ ಮಕ್ಕಳು ಆ ಮನೆತನವು ಏಕೆ ಅಳಿಯಿತೆಂದು ಕೇಳಿದಾಗ, ಹಿರಿಯರು ಜಾತಕದ ಕಥೆಯನ್ನು ಹೇಳಿ, ಒಡನೆಯೇ 1828ರ ನಜರಾಣೆಯನ್ನೂ 1860ರ ಒಪ್ಪಂದವನ್ನೂ ಹೇಳತಕ್ಕದ್ದು.