ಡೆನ್ಮಾರ್ಕಿನ ಚರ್ಚ್ ದಾಖಲೆ ಪುಸ್ತಕಗಳು

ಡೆನ್ಮಾರ್ಕಿನ ಚರ್ಚ್ ದಾಖಲೆ ಪುಸ್ತಕಗಳು ಆ ದೇಶದ ಲೂಥರನ್ ಪಾದ್ರಿಗಳು ತಮ್ಮ ಪ್ಯಾರಿಷ್‌ಗಳಲ್ಲಿ ನಡೆದ ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳನ್ನು ಬರೆದಿಟ್ಟ ದಾಖಲೆಗಳು. ಡ್ಯಾನಿಶ್ ಭಾಷೆಯಲ್ಲಿ ಇಂತಹ ಪುಸ್ತಕವನ್ನು ಕಿರ್ಕೆಬೋಗ್ ಎನ್ನುತ್ತಾರೆ. ಗೇಣಿದಾರರು, ಕೂಲಿಕಾರರು ಮತ್ತು ಮನೆಯಾಳುಗಳ ಬದುಕಿನ ಗುರುತು ಬಹುಮಟ್ಟಿಗೆ ಇವುಗಳಲ್ಲಿಯೇ ಉಳಿದಿರುವುದರಿಂದ, ಹಳ್ಳಿಗಾಡಿನ ಕುಟುಂಬಗಳ ವಂಶಾವಳಿಗೆ ಇವು ಮುಖ್ಯ ಆಧಾರವಾಗಿವೆ.

ಇತಿಹಾಸ

ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಕಾಲದಲ್ಲಿ, 1645 ಮತ್ತು 1646ರಲ್ಲಿ, ಇಂತಹ ಪುಸ್ತಕಗಳನ್ನು ಇಡಬೇಕೆಂಬ ಆಜ್ಞೆ ಹೊರಟಿತು. ಅದಕ್ಕೂ ಹಿಂದಿನವು ವಿರಳ. ದಕ್ಷಿಣ ಯೂಟ್ಲೆಂಡಿನ ಯೋರ್ಡ್‌ಕೇರ್ ಪ್ಯಾರಿಷ್‌ನ ದಾಖಲೆಗಳು 1573ರಿಂದ ಆರಂಭವಾಗುತ್ತವೆ. ಪಾದ್ರಿಗಳ ಮನೆಗೆ ಬೆಂಕಿ ಬಿದ್ದು ಅನೇಕ ಹಳೆಯ ಪುಸ್ತಕಗಳು ನಾಶವಾದವು. 1812ರ ಆಜ್ಞೆಯು ಅಚ್ಚಾದ ನಮೂನೆಗಳನ್ನು ಜಾರಿಗೆ ತಂದುದಲ್ಲದೆ, ಪ್ರತಿ ಪ್ಯಾರಿಷ್‌ನಲ್ಲಿ ಎರಡು ಪ್ರತಿಗಳಿರಬೇಕೆಂದು ವಿಧಿಸಿತು. ಒಂದನ್ನು ಪಾದ್ರಿಯೂ ಇನ್ನೊಂದನ್ನು ಚರ್ಚಿನ ಗುಮಾಸ್ತನೂ ಬರೆಯಬೇಕಿತ್ತು. ಅವೆರಡೂ ರಾತ್ರಿ ಒಂದೇ ಸೂರಿನಡಿ ಇರಕೂಡದಾಗಿತ್ತು.

ದಾಖಲೆಗಳ ಸ್ವರೂಪ

1814ಕ್ಕಿಂತ ಹಿಂದಿನ ದಾಖಲೆಗಳು ಬಹಳ ಸಂಕ್ಷಿಪ್ತ. ಮಗುವಿನ ದೀಕ್ಷಾಸ್ನಾನದಲ್ಲಿ ತಂದೆಯ ಹೆಸರು ಮತ್ತು ಊರು ಮಾತ್ರವಿದ್ದು, ತಾಯಿಯ ಹೆಸರು ಬಿಟ್ಟುಹೋಗಿರುವುದು ಸಾಮಾನ್ಯ. ದಿನಾಂಕದ ಬದಲು ಈಸ್ಟರ್ ಅಥವಾ ತ್ರಯೇಕತ್ವದ ಹಬ್ಬದ ನಂತರದ ಎಷ್ಟನೆಯ ಭಾನುವಾರ ಎಂದಷ್ಟೇ ಬರೆದಿರುತ್ತದೆ. ಈಸ್ಟರ್ ದಿನವು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪಂಚಾಂಗವನ್ನು ನೋಡಿ ತಾರೀಖು ನಿರ್ಣಯಿಸಬೇಕು. ಬರವಣಿಗೆಯು ಗಾಥಿಕ್ ಕೈಬರಹದಲ್ಲಿದ್ದು, ಅದನ್ನು ಓದಲು ಪ್ರತ್ಯೇಕ ಅಭ್ಯಾಸ ಬೇಕು.

ಹೊಸ ನಮೂನೆಗಳಲ್ಲಿ ತಂದೆತಾಯಿಗಳ ಹೆಸರು, ವೃತ್ತಿ, ವಾಸಸ್ಥಳ ಮತ್ತು ದೀಕ್ಷಾಸ್ನಾನದ ಸಾಕ್ಷಿಗಳ ವಿವರಗಳಿವೆ. 1736ರಲ್ಲಿ ಕಡ್ಡಾಯವಾದ ದೃಢೀಕರಣ ಸಂಸ್ಕಾರಕ್ಕೂ, ಪ್ಯಾರಿಷ್‌ಗೆ ಬಂದವರಿಗೂ ಅಲ್ಲಿಂದ ಹೋದವರಿಗೂ ಬೇರೆಬೇರೆ ಪಟ್ಟಿಗಳಿವೆ. ಕೆಲಸ ಹುಡುಕಿ ಊರೂರು ತಿರುಗಿದ ಆಳುಗಳ ಜಾಡು ಸಿಗುವುದು ಈ ಬಂದುಹೋದವರ ಪಟ್ಟಿಗಳಲ್ಲಿ.

ಹೆಸರುಗಳ ತೊಡಕು

ಹಳ್ಳಿಗಳಲ್ಲಿ ಸ್ಥಿರವಾದ ಕುಲನಾಮವಿರಲಿಲ್ಲ. ನೀಲ್ಸ್ ಎಂಬವನ ಮಗ ಯೆನ್ಸ್ ನೀಲ್ಸೆನ್ ಆದರೆ, ಆ ಯೆನ್ಸ್‌ನ ಮಗ ಪೇಡರ್ ಯೆನ್ಸೆನ್, ಮಗಳು ಮಾರೆನ್ ಯೆನ್ಸ್‌ಡಾಟರ್ ಆಗುತ್ತಿದ್ದರು. 1828ರ ಆಜ್ಞೆಯು ಸ್ಥಿರ ಕುಲನಾಮವನ್ನು ಬಯಸಿತಾದರೂ ಹಳ್ಳಿಗಳಲ್ಲಿ ಹಳೆಯ ರೂಢಿ ಬಹುಕಾಲ ಉಳಿಯಿತು. ಮೊದಲ ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆಯೂ ಇದ್ದುದರಿಂದ, ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಹಲವರು ಕಾಣಸಿಗುತ್ತಾರೆ. ಆದುದರಿಂದ ಹೆಸರೊಂದನ್ನೇ ನಂಬಿದ ವಂಶಾವಳಿಯು ಬೇರೊಂದು ಮನೆತನವನ್ನು ಸೇರಿಬಿಡಬಹುದು.

ಹುಡುಕುವ ಕ್ರಮ

ತಿಳಿದ ತಲೆಮಾರಿನಿಂದ ತಿಳಿಯದ ತಲೆಮಾರಿಗೆ ಹಿಂದೆ ಸಾಗುವುದು ಸರಿಯಾದ ಕ್ರಮ. 1845ರಿಂದ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ನಮೂದಾಗಿರುವುದರಿಂದ ಯಾವ ಚರ್ಚಿನ ಪುಸ್ತಕ ತೆರೆಯಬೇಕೆಂಬುದು ತಿಳಿಯುತ್ತದೆ. ಅಲ್ಲಿ ದೀಕ್ಷಾಸ್ನಾನದ ದಾಖಲೆ ದೊರೆತ ಮೇಲೂ ಮರಣಗಳ ಪಟ್ಟಿಯನ್ನು ನೋಡುವುದು ಅಗತ್ಯ. ಮಗು ಎಳವೆಯಲ್ಲೇ ತೀರಿಕೊಂಡರೆ, ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ರೂಢಿಯಲ್ಲಿತ್ತು. ಸಾಕ್ಷಿಗಳು ಸಾಮಾನ್ಯವಾಗಿ ಬಂಧುಗಳು ಅಥವಾ ನೆರೆಯವರಾಗಿರುವುದರಿಂದ, ತಾಯಿಯ ತವರನ್ನು ಗುರುತಿಸಲು ಅವರ ಹೆಸರು ಮತ್ತು ಊರುಗಳು ನೆರವಾಗುತ್ತವೆ.

ಪೂರಕ ದಾಖಲೆಗಳು

ಚರ್ಚ್ ಪುಸ್ತಕ ನಷ್ಟವಾದಲ್ಲಿ ಬೇರೆ ಆಧಾರಗಳಿವೆ. ಆಸ್ತಿ ವಿಭಾಗದ ಕಡತಗಳಲ್ಲಿ ಮೃತರ ವಾರಸುದಾರರೂ ಅವರ ವಾಸಸ್ಥಳಗಳೂ ದಾಖಲಾಗಿವೆ. 1788ರ ನಂತರದ ಸೈನಿಕ ಪಟ್ಟಿಗಳಲ್ಲಿ ರೈತಾಪಿ ವರ್ಗದ ಗಂಡುಮಕ್ಕಳನ್ನು ತಂದೆಯ ಹೆಸರಿನೊಡನೆ ಸೇರಿಸುತ್ತಿದ್ದರು. 1787 ಮತ್ತು 1801ರ ಜನಗಣತಿಗಳೂ ಉಪಯುಕ್ತ.

ಲಭ್ಯತೆ

ಮೂಲ ಪುಸ್ತಕಗಳ ಚಿತ್ರಗಳನ್ನು ಡೆನ್ಮಾರ್ಕಿನ ರಾಷ್ಟ್ರೀಯ ಪತ್ರಾಗಾರವು ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತದೆ. ಇತ್ತೀಚಿನ ದಾಖಲೆಗಳಿಗೆ ಗೋಪ್ಯತೆಯ ನಿರ್ಬಂಧಗಳು ಅನ್ವಯಿಸುತ್ತವೆ.