ವೀರಗಲ್ಲಿನ ಚಿತ್ರವೂ ಶಾಸನವೇ

ನಮ್ಮ ಗಡಿನಾಡಿನಲ್ಲಿ ಹಳೆಯ ಕಲ್ಲೊಂದು ಕಣ್ಣಿಗೆ ಬಿದ್ದೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಅಕ್ಷರ ಯಾವುದು?' ಎಂಬುದು. ಕನ್ನಡವಾದರೆ ನಮಗೆ ಹಿಗ್ಗು, ತಮಿಳಾದರೆ ನೆರೆಯವರಿಗೆ ಹಿಗ್ಗು. ಅಕ್ಷರವೇ ಇಲ್ಲದಿದ್ದರೆ ಆ ಕಲ್ಲು ಯಾರಿಗೂ ಬೇಡ. ಬಾಗಲೂರು, ಹೊಸೂರು ಸೀಮೆಯ ಕೆರೆಯ ಏರಿಗಳಲ್ಲಿ, ಹೊಲದ ಬದುಗಳಲ್ಲಿ ಎಷ್ಟೋ ವೀರಗಲ್ಲುಗಳು ಹೀಗೆ ಅಲಕ್ಷ್ಯಕ್ಕೆ ಗುರಿಯಾಗಿವೆ. ಅಕ್ಷರವಿಲ್ಲದ ಕಲ್ಲಿನ ಚಿತ್ರವೂ ಒಂದು ಶಾಸನವೆಂಬುದನ್ನು ಅಧ್ಯಾಪಕ ಬಂಧುಗಳ ಮುಂದಿಡುವುದು ನಮ್ಮ ಉದ್ದೇಶ.

ಕಲೆಯನ್ನು ಬರಿಯ ಅಲಂಕಾರವೆಂದು ಎಣಿಸುವುದು ವಾಡಿಕೆ. ಆದರೆ ವೀರಗಲ್ಲಿನ ಶಿಲ್ಪಿಗೆ ವಿಚಾರಣೆ ಅನಿವಾರ್ಯವಾಗಿತ್ತು. ಸತ್ತವನು ತುರುಗಾಳಗದಲ್ಲಿ ಸತ್ತನೋ, ಹುಲಿಯನ್ನು ಎದುರಿಸಿ ಸತ್ತನೋ? ಕೈಯಲ್ಲಿದ್ದುದು ಬಿಲ್ಲೋ, ಕತ್ತಿಯೋ? ಊರವರ ಉತ್ತರವೇ ಕಲ್ಲಿನಲ್ಲಿ ಮೂಡಿತು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೋಡೋಣ. ಅದರ ಬರಹವು 949ರ ತಕ್ಕೋಲದ ಯುದ್ಧವನ್ನೂ ಚೋಳ ರಾಜಾದಿತ್ಯನ ವಧೆಯನ್ನೂ ಹೇಳುತ್ತದೆ. ಚಿತ್ರದಲ್ಲಿರುವುದಾದರೋ ಒಂದು ನಾಯಿ, ಒಂದು ಹಂದಿ! ಮಣಲೇರನು ಮೆಚ್ಚುಗೆಯಾಗಿ ಪಡೆದ ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಬರಹದಿಂದ ಅರಸರ ಚರಿತ್ರೆ ತಿಳಿಯಿತು. ಆ ನಾಡು ಯಾವುದಕ್ಕೆ ಕಣ್ಣೀರಿಟ್ಟಿತೆಂಬುದನ್ನು ಚಿತ್ರ ತಿಳಿಸಿತು.

ನಮಗೆ ಇನ್ನೂ ಹತ್ತಿರದ್ದು ಬೇಗೂರಿನ ಕಲ್ಲು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದುದನ್ನೂ, ಬಳಿಕ ಇರುಗನಿಗೆ ಬೆಂಪೂರು ಹನ್ನೆರಡು ದೊರೆತುದನ್ನೂ ಬರಹ ಹೇಳುತ್ತದೆ. ಆನೆ, ಕುದುರೆ, ಕಾಲಾಳುಗಳ ನೂಕುನುಗ್ಗಲಿನಲ್ಲಿ ಹೆಸರಿಲ್ಲದೆ ಬಿದ್ದವರನ್ನು ತೋರಿಸಿದವನು ಶಿಲ್ಪಿ ಮಾತ್ರ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಚಿತ್ರವೆಲ್ಲವೂ ಕಣ್ಣಾರೆ ಕಂಡುದಲ್ಲ. ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನ ಲಿಂಗಪೂಜೆ, ಇವು ಸಂಪ್ರದಾಯ. ಅವು ಕಾಲದ ನಂಬಿಕೆಗೆ ಸಾಕ್ಷಿ, ಘಟನೆಗಲ್ಲ. ಸಂಪ್ರದಾಯವೂ ಪ್ರಶ್ನೆಗೆ ಅರ್ಹವೆಂಬುದಕ್ಕೆ ಮಾಸ್ತಿಕಲ್ಲೇ ನಿದರ್ಶನ. ಬೆಳತೂರಿನ 1057ರ ಶಾಸನದ ದೇಕಬ್ಬೆಯಂತೆ ಹೆಸರು ಉಳಿದವರು ವಿರಳ. ಉಳಿದವರ ಪಾಲಿಗೆ ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು ಮಾತ್ರ. ಹೆಂಗಸಿನ ಬಾಳೆಲ್ಲ ಒಂದು ತೋಳಿಗೆ ಇಳಿದುದೇಕೆ ಎಂದು ತರಗತಿಯಲ್ಲಿ ಕೇಳಿದರೆ ಅದು ಚರಿತ್ರೆಯ ಒಳ್ಳೆಯ ಪಾಠವಾದೀತು.

1956ರಲ್ಲಿ ರಾಜ್ಯಗಳ ಗಡಿ ಗೊತ್ತಾಯಿತು. ಸೇಲಂ ಜಿಲ್ಲೆಯಲ್ಲಿದ್ದ ನಮ್ಮ ಸೀಮೆ 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿತು. ಈ ಕಲ್ಲುಗಳು ಅದಕ್ಕೆಲ್ಲ ಹಿಂದಿನವು. ತಮಿಳರು ಇಂಥ ಕಲ್ಲನ್ನು ನಡುಕಲ್ ಎನ್ನುತ್ತಾರೆ. ಕೆಲವೆಡೆ ವೇಡಿಯಪ್ಪನೆಂದು ಪೂಜಿಸುತ್ತಾರೆ. ಅಕ್ಷರದ ಬಗ್ಗೆ ವಾದಿಸುವ ನಾವೆಲ್ಲರೂ ಚಿತ್ರದ ಮುಂದೆ ಒಟ್ಟಿಗೆ ಕುಳಿತುಕೊಳ್ಳಬಹುದು.

ಹೊಸೂರಿನ ಸುತ್ತ ಕಾರ್ಖಾನೆ, ಬಡಾವಣೆಗಳು ಹಬ್ಬಿದಂತೆ ಹೊಲದ ಬದುಗಳು ಅಳಿಯುತ್ತಿವೆ. ಬದು ಹೋದರೆ ಕಲ್ಲೂ ಹೋಯಿತು. ಆದುದರಿಂದ ಪ್ರತಿಯೊಂದು ಶಾಲೆಯೂ ತನ್ನೂರಿನ ಕಲ್ಲುಗಳ ಪಟ್ಟಿ ಮಾಡಲಿ. ಮಕ್ಕಳು ಅಳತೆ ತೆಗೆದು ಚಿತ್ರ ಬರೆಯಲಿ. ನಿಂತ ಸ್ಥಳವನ್ನೂ ಊರವರು ಹೇಳುವ ಹೆಸರನ್ನೂ ಗುರುತು ಮಾಡಿಕೊಳ್ಳಲಿ. ಸುಣ್ಣ, ಬಣ್ಣ ಬಳಿಯುವುದು ಬೇಡ. ಇದ್ದ ಸ್ಥಳದಿಂದ ಕೀಳುವುದೂ ಬೇಡ. ಪಂಡಿತರು ಬರುವವರೆಗೆ ಕಾಯಬೇಕಾಗಿಲ್ಲ; ನೋಡಲು ಬಲ್ಲ ಕಣ್ಣು, ಒಂದು ಸೀಸದ ಕಡ್ಡಿ, ಇಷ್ಟಿದ್ದರೆ ಕೆಲಸ ಆರಂಭವಾಗುತ್ತದೆ.